ಜೆಟ್ ಸ್ಕೀ, ಸ್ಪೀಡ್‌ಬೋಟ್: ಎಷ್ಟು ವೇಗ ಹೋಗುತ್ತವೆ, ನೀವು ಎಷ್ಟು ಹೋಗಬೇಕು

ಜೆಟ್ ಸ್ಕೀ ಹತ್ತುವವರೆಲ್ಲ ಮೊದಲು ಕೇಳುವುದು ಒಂದೇ: "ಇದು ಎಷ್ಟು ಹೋಗುತ್ತೆ?" ಉತ್ತರ ಮೊದಲೇ ಹೇಳಿಬಿಡೋಣ. ಚಿಕ್ಕ ಮಾದರಿಗಳು ಗಂಟೆಗೆ 65ರಿಂದ 80 ಕಿಲೋಮೀಟರ್ ಹೋಗುತ್ತವೆ. ದೊಡ್ಡವು 105ರಿಂದ 108. ಮನೆಮಂದಿ ಕೂತು ಸುತ್ತಾಡುವ ಸಾಮಾನ್ಯ ಸ್ಪೀಡ್‌ಬೋಟ್ 60ರಿಂದ 90ರ ಒಳಗೆ. ಅಮೆರಿಕದಲ್ಲಿ ಮೀನು ಹಿಡಿಯುವ ಸ್ಪರ್ಧೆಗೆಂದೇ ಮಾಡಿದ ಬಾಸ್ ಬೋಟ್‌ಗಳು 110 ದಾಟುತ್ತವೆ.

ಬೆಂಗಳೂರು–ಮೈಸೂರು ಹೈವೇ ನೋಡಿದವರಿಗೆ 100 ದೊಡ್ಡ ಸಂಖ್ಯೆ ಅನಿಸುವುದಿಲ್ಲ. ಆದರೆ ನೀರಿನ ಮೇಲೆ ಲೇನ್ ಇಲ್ಲ, ಡಿವೈಡರ್ ಇಲ್ಲ, ಹೆಚ್ಚಿನ ದೋಣಿಗಳಲ್ಲಿ ಬ್ರೇಕ್ ಕೂಡ ಇಲ್ಲ. ಹಾಗಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಇದು ಎಷ್ಟು ದೂರದಲ್ಲಿ ನಿಲ್ಲುತ್ತೆ?" ನನ್ನ ಪ್ರಕಾರ ನೀವು ಎಷ್ಟು ವೇಗ ಹೋಗಬಹುದು ಅನ್ನುವುದನ್ನು ತೀರ್ಮಾನಿಸುವುದು ಎಂಜಿನ್ ಅಲ್ಲ, ಈ ಪ್ರಶ್ನೆಯ ಉತ್ತರ. ಅಮೆರಿಕದ ಕೆರೆಗಳಲ್ಲಿ ಸ್ವತಃ ಬಾಡಿಗೆಗೆ ತೆಗೆದುಕೊಂಡು ಓಡಿಸುವವರಿಗೂ, ಮಲ್ಪೆ, ಮುರ್ಡೇಶ್ವರ, ಗೋವಾ ಕಡೆ ಒಂದು ರೌಂಡ್ ಹೋಗಿಬರುವವರಿಗೂ ಸೇರಿಸಿ ಬರೆಯುತ್ತಿದ್ದೇನೆ.

1. ಮೀಟರ್ ಯಾವ ಲೆಕ್ಕ ತೋರಿಸುತ್ತಿದೆ ನೋಡಿ

ಇದು ಸಣ್ಣ ವಿಷಯ ಅನಿಸಬಹುದು, ಆದರೆ ಇಲ್ಲೇ ಎಡವುತ್ತಾರೆ. ಅಮೆರಿಕದ ಬಾಡಿಗೆ ಜೆಟ್ ಸ್ಕೀಯಲ್ಲಿ ವೇಗ ಮೈಲಿಯಲ್ಲಿರುತ್ತದೆ. 60 ಎಂದು ತೋರಿಸಿದರೆ ನೀವು ಗಂಟೆಗೆ 97 ಕಿಲೋಮೀಟರ್ ವೇಗದಲ್ಲಿದ್ದೀರಿ. ನಮ್ಮ ಕಣ್ಣಿಗೆ ಬೈಕಿನ 60 ಅಭ್ಯಾಸ. ಆ ಅಭ್ಯಾಸ ಇಲ್ಲಿ ಮೋಸ ಮಾಡುತ್ತದೆ.

ಸಮುದ್ರದಲ್ಲಿ, ದೊಡ್ಡ ದೋಣಿಗಳಲ್ಲಿ ನಾಟ್ ಲೆಕ್ಕ ನಡೆಯುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಮನಸ್ಸಿನಲ್ಲೇ ಲೆಕ್ಕ ಹಾಕಬೇಕಾದರೆ ನಾಟನ್ನು ಎರಡರಿಂದ ಗುಣಿಸಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ. 20 ನಾಟ್ ಅಂದರೆ 40, ಅದರಲ್ಲಿ 4 ಕಳೆದರೆ 36. ನಿಜವಾದ ಉತ್ತರ 37. ಅಷ್ಟು ಸಾಕು.

ಇನ್ನೊಂದು ವಿಷಯ. ಹಳೆಯ ಸ್ಪೀಡೋಮೀಟರ್‌ಗಳು ದೋಣಿಯ ತಳದಲ್ಲಿ ನುಗ್ಗುವ ನೀರನ್ನು ನೋಡಿ ವೇಗ ಹೇಳುತ್ತವೆ. ಜಿಪಿಎಸ್ ನೆಲದ ಲೆಕ್ಕ ಹೇಳುತ್ತದೆ. ಹರಿಯುವ ನದಿಯಲ್ಲಿ, ಉಬ್ಬರ ಇಳಿತ ಇರುವ ಅಳಿವೆಯಲ್ಲಿ ಇವೆರಡೂ ಒಂದೇ ಆಗಿರುವುದಿಲ್ಲ. ಸೆಳೆತದ ಜೊತೆಗೆ ಹೋಗುವಾಗ ತಳದ ಮೀಟರ್ ಕಡಿಮೆ ತೋರಿಸುತ್ತದೆ, ಆದರೆ ಸೇತುವೆಯ ಕಂಬ ಜಿಪಿಎಸ್ ಹೇಳುವ ವೇಗದಲ್ಲೇ ನಿಮ್ಮ ಹತ್ತಿರ ಬರುತ್ತದೆ. ದಡ, ಕಂಬ, ಬಂಡೆ ಹತ್ತಿರ ಇದ್ದರೆ ಜಿಪಿಎಸ್ ಅನ್ನೇ ನಂಬಿ.

2. ನಿಮ್ಮ ಕೈಗೆ ಬಂದಿರುವುದು ಯಾವ ಜಾತಿಯದು?

ಎಲ್ಲ ಜೆಟ್ ಸ್ಕೀಗಳೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಳಗೆ ಇರುವ ಎಂಜಿನ್ ಮಾತ್ರ ತೀರಾ ಬೇರೆ.

ಸೀ-ಡೂ ಕಂಪನಿಯ ಸ್ಪಾರ್ಕ್ ಚಿಕ್ಕ ಮಾದರಿ. 900 ಸಿಸಿ ಎಂಜಿನ್, 60 ಅಥವಾ 90 ಎಚ್‌ಪಿ. 60 ಎಚ್‌ಪಿಯದು ಸುಮಾರು 65 ಕಿಲೋಮೀಟರ್, 90 ಎಚ್‌ಪಿಯದು ಸುಮಾರು 80 ಹೋಗುತ್ತದೆ. ಯಮಹಾದ ಇಎಕ್ಸ್ ಕೂಡ ಇದೇ ಅಂದಾಜಿನದು. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಇಂಥವೇ. ಮೊದಲ ಸಲ ಓಡಿಸುವವರಿಗೆ ಇಷ್ಟು ಧಾರಾಳ ಸಾಕು.

ಇನ್ನೊಂದು ತುದಿಯಲ್ಲಿ ಕವಾಸಕಿಯ ಅಲ್ಟ್ರಾ 310, ಸೀ-ಡೂನ ಆರ್‌ಎಕ್ಸ್‌ಪಿ-ಎಕ್ಸ್ 325 ಇವೆ. ಹೆಸರಿನಲ್ಲಿರುವ ಸಂಖ್ಯೆಯೇ ಎಚ್‌ಪಿ. ನಮ್ಮ ಊರಿನ ಸಾಮಾನ್ಯ ಕಾರಿನ ಎಂಜಿನ್‌ಗಿಂತ ಮೂರು ಪಟ್ಟು ಶಕ್ತಿ, ಅದರ ಮೂರನೇ ಒಂದು ಪಾಲು ತೂಕದ ಗಾಡಿಯಲ್ಲಿ! ಆದರೂ ಇವುಗಳ ಗರಿಷ್ಠ ವೇಗ 105ರಿಂದ 108ಕ್ಕೇ ನಿಲ್ಲುತ್ತದೆ. ಯಾಕೆಂದರೆ ಗಂಟೆಗೆ 65 ಮೈಲಿ ಆಸುಪಾಸಿನಲ್ಲೇ ವೇಗ ನಿಲ್ಲಿಸುತ್ತೇವೆ ಎಂದು ತಯಾರಕರು ಅಮೆರಿಕದ ಕೋಸ್ಟ್ ಗಾರ್ಡ್ ಜೊತೆ ಒಪ್ಪಿಕೊಂಡಿದ್ದಾರೆ. ಹಾಗಾಗಿ ಉಳಿದ ಶಕ್ತಿ ಎಲ್ಲ ವೇಗ ಏರಿಸುವುದಕ್ಕೆ ಹೋಗುತ್ತದೆ. ಆರ್‌ಎಕ್ಸ್‌ಪಿ-ಎಕ್ಸ್ 325 ನಿಂತಲ್ಲಿಂದ 60 ಮೈಲಿ ವೇಗಕ್ಕೆ 3.4 ಸೆಕೆಂಡಿನಲ್ಲಿ ತಲುಪುತ್ತದೆ ಎಂದು ಕಂಪನಿ ಹೇಳುತ್ತದೆ. ದೊಡ್ಡ ಜೆಟ್ ಸ್ಕೀಯ ನಿಜವಾದ ಅಪಾಯ ಇಲ್ಲಿದೆ. ಬೆರಳು ಸ್ವಲ್ಪ ಜಾಸ್ತಿ ಒತ್ತಿದರೂ ಹಿಂದೆ ಕೂತವರು ನೀರಿನಲ್ಲಿರುತ್ತಾರೆ.

ಎಂಜಿನ್ನಿನ ಕಂಪ್ಯೂಟರ್ ಬದಲಿಸಿ, ನೀರನ್ನು ಹಿಂದಕ್ಕೆ ತಳ್ಳುವ ಪಂಪ್ ಬದಲಿಸಿ 160 ದಾಟಿಸಿದವರೂ ಇದ್ದಾರೆ. ಅದು ರೇಸಿನವರ ಲೋಕ. ಗೆಳೆಯರ ಹತ್ತಿರ ಅಂಥ ಗಾಡಿ ಇದ್ದರೆ ನೋಡಿ ಖುಷಿಪಡಿ, ಕಲಿಯುವುದಕ್ಕೆ ಮಾತ್ರ ಅದನ್ನು ಹತ್ತಬೇಡಿ.

ಬೋಟ್‌ಗಳಲ್ಲಿ ತೇಲುವ ಕೊಳವೆಗಳ ಮೇಲೆ ಚಪ್ಪಟೆ ಹಲಗೆ ಹಾಕಿದ ಪಾಂಟೂನ್ ಬೋಟ್ ಸಾಮಾನ್ಯವಾಗಿ 30ರಿಂದ 45ರಲ್ಲಿ ಹೋಗುತ್ತದೆ. ಮಕ್ಕಳು, ಅಜ್ಜ ಅಜ್ಜಿ ಜೊತೆಗಿದ್ದರೆ ನನ್ನ ಸಲಹೆ ಅದೇ. ಕೇರಳದ ಹೌಸ್‌ಬೋಟ್, ಹಾಯಿದೋಣಿಗಳಂಥವು ಇನ್ನೂ ನಿಧಾನ. ಆದರೆ ಹಾಯಿ ಅಂದರೆ ನಿಧಾನ ಎಂದು ತೀರ್ಮಾನಿಸಬೇಡಿ. 2012ರ ನವೆಂಬರ್‌ನಲ್ಲಿ ಪಾಲ್ ಲಾರ್ಸನ್ ಎಂಬಾತ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಬರೀ ಗಾಳಿಯ ಬಲದಿಂದ 65.45 ನಾಟ್, ಅಂದರೆ ಗಂಟೆಗೆ 121 ಕಿಲೋಮೀಟರ್ ಓಡಿದ. ಎಂಜಿನ್ನೇ ಇಲ್ಲದ ದೋಣಿ 325 ಎಚ್‌ಪಿಯ ಜೆಟ್ ಸ್ಕೀಯನ್ನು ಹಿಂದೆ ಹಾಕುವಷ್ಟು ವೇಗ ಪಡೆಯಿತು. ದೋಣಿಯ ಆಕಾರ ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

3. ವೇಗದ ಅಂದಾಜು ನೀವೇ ಹಾಕಿ

ದೋಣಿಗಳು ನೀರಿನಲ್ಲಿ ಸಾಗುವ ರೀತಿ ಎರಡು. ಒಂದು, ನೀರನ್ನು ಸೀಳಿಕೊಂಡು ಹೋಗುವುದು. ಇನ್ನೊಂದು, ನೀರಿನ ಮೇಲಕ್ಕೆ ಎದ್ದು ಜಾರುವುದು.

ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಮಿತಿ. ಮೂತಿಯಲ್ಲಿ ಒಂದು ಅಲೆ, ಹಿಂದೆ ಒಂದು ಅಲೆ ಏಳುತ್ತವೆ. ವೇಗ ಹೆಚ್ಚಿದಂತೆ ಆ ಅಲೆಗಳ ನಡುವಿನ ಅಂತರ ಉದ್ದವಾಗುತ್ತದೆ. ಅದು ದೋಣಿಯ ಉದ್ದದಷ್ಟೇ ಆದಾಗ ದೋಣಿ ತನ್ನದೇ ಅಲೆಯ ಏರನ್ನು ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಡೀಸೆಲ್ ಸುಟ್ಟರೂ ವೇಗ ಏರುವುದಿಲ್ಲ. ಲೆಕ್ಕ ಸುಲಭ: ನೀರಿಗೆ ತಾಗಿರುವ ಉದ್ದವನ್ನು ಮೀಟರ್‌ನಲ್ಲಿ ತೆಗೆದುಕೊಂಡು ವರ್ಗಮೂಲ ಹಾಕಿ, 4.5ರಿಂದ ಗುಣಿಸಿ. 9 ಮೀಟರ್ ದೋಣಿಯಾದರೆ 3ನ್ನು 4.5ರಿಂದ ಗುಣಿಸಿದರೆ ಗಂಟೆಗೆ 13.5 ಕಿಲೋಮೀಟರ್. ಅಂಥ ದೋಣಿಯವರಿಗೆ "ಸ್ವಲ್ಪ ಜೋರಾಗಿ ಬಿಡಿ" ಎಂದು ಹೇಳಿ ಪ್ರಯೋಜನ ಇಲ್ಲ.

ಜೆಟ್ ಸ್ಕೀ, ಸ್ಪೀಡ್‌ಬೋಟ್‌ಗಳ ತಳ ಬೇರೆ. ಸುಮಾರು 20–25 ಕಿಲೋಮೀಟರ್ ಹತ್ತಿರ ಬಂದಾಗ ತಳದ ಕೆಳಗೆ ನುಗ್ಗುವ ನೀರು ದೋಣಿಯನ್ನು ಮೇಲಕ್ಕೆ ಎತ್ತುತ್ತದೆ. ಆಮೇಲೆ ನೀರಿಗೆ ತಾಗುವ ಭಾಗ ಕಡಿಮೆ, ಹಾಗಾಗಿ ವೇಗ ಸಲೀಸಾಗಿ ಏರುತ್ತದೆ. ಏಳುವ ಮೊದಲು ಒಂದು ಘಟ್ಟ ಇದೆ. ಮೂತಿ ಆಕಾಶ ನೋಡುತ್ತದೆ, ಮುಂದೆ ಏನಿದೆ ಅಂತ ಕಾಣುವುದಿಲ್ಲ, ಹಿಂದೆ ದೊಡ್ಡ ಅಲೆ ಏಳುತ್ತದೆ. ಈ ನಡುವಿನ ವೇಗದಲ್ಲಿ ಯಾವತ್ತೂ ಉಳಿಯಬೇಡಿ. ಮುಂದೆ ಖಾಲಿ ಇದೆ ಅಂತ ಖಾತ್ರಿಯಾದರೆ ಬೇಗ ದಾಟಿ. ಇಲ್ಲದಿದ್ದರೆ ಪೂರ್ತಿ ನಿಧಾನಕ್ಕೆ ಇಳಿಯಿರಿ.

ಮೇಲೆದ್ದು ಜಾರುವ ಬೋಟ್‌ಗೂ ಒಂದು ಲೆಕ್ಕ ಇದೆ. ದೋಣಿ ಕಟ್ಟುವವರು ಇದನ್ನು ಕ್ರೌಚ್ ಸೂತ್ರ ಎನ್ನುತ್ತಾರೆ. ಎಚ್‌ಪಿಯನ್ನು ಒಟ್ಟು ತೂಕದಿಂದ (ಕಿಲೋದಲ್ಲಿ) ಭಾಗಿಸಿ, ವರ್ಗಮೂಲ ತೆಗೆದು, ಸುಮಾರು 195ರಿಂದ ಗುಣಿಸಿ. ಬಂದದ್ದು ಗಂಟೆಗೆ ಎಷ್ಟು ಕಿಲೋಮೀಟರ್ ಎನ್ನುವ ಅಂದಾಜು. 1,600 ಕಿಲೋ ತೂಗುವ, 200 ಎಚ್‌ಪಿ ಇರುವ ಬೋಟ್‌ಗೆ 69 ಬರುತ್ತದೆ. ಅದಕ್ಕೆ ಐದಾರು ಜನ, ಊಟದ ಡಬ್ಬಿ, ಐಸ್‌ಪೆಟ್ಟಿಗೆ ಸೇರಿ 400 ಕಿಲೋ ಹಾಕಿ ನೋಡಿ. 62ಕ್ಕೆ ಇಳಿಯುತ್ತದೆ. ಇದೇ ಲೆಕ್ಕದಲ್ಲಿ ವೇಗ ದುಪ್ಪಟ್ಟು ಬೇಕಾದರೆ ಎಂಜಿನ್ ನಾಲ್ಕು ಪಟ್ಟು ದೊಡ್ಡದಿರಬೇಕು. ಬ್ರೋಷರ್‌ನಲ್ಲಿ ಹೇಳಿದ ವೇಗ ನಿಮ್ಮ ಬೋಟ್‌ಗೆ ಯಾಕೆ ಬರುತ್ತಿಲ್ಲ ಎಂದು ಜಗಳಕ್ಕೆ ಹೋಗುವ ಮೊದಲು ಒಮ್ಮೆ ತೂಕ ನೋಡಿ.

ಎತ್ತರದ ಜಾಗವೂ ವೇಗ ತಿನ್ನುತ್ತದೆ. ಕ್ಯಾಲಿಫೋರ್ನಿಯಾ–ನೆವಾಡಾ ಗಡಿಯ ಟಾಹೋ ಸರೋವರ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲಿದೆ. ಗಾಳಿ ತೆಳು. ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇಲ್ಲದ ಎಂಜಿನ್ ಅಲ್ಲಿ ತನ್ನ ಶಕ್ತಿಯ ಆರನೇ ಒಂದು ಪಾಲನ್ನಾದರೂ ಕಳೆದುಕೊಳ್ಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ವಾರಾಂತ್ಯಕ್ಕೆ ಹೋಗುವವರು ಗಾಡಿ ಮಂಕಾಗಿದೆ ಅಂದುಕೊಳ್ಳುವುದು ಇದಕ್ಕೇ. ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳು ಕೂಡ ವೇಗ ಎಳೆಯುತ್ತವೆ.

ವೇಗ ಇದ್ದಕ್ಕಿದ್ದಂತೆ ಬಿದ್ದರೆ ಮಾತ್ರ ಅದು ಬೇರೆ ಕಥೆ. ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಜೆಟ್ ಪಂಪಿನ ಬಾಯಿಗೆ ಕಳೆ, ಹಗ್ಗ ಅಥವಾ ಪ್ಲಾಸ್ಟಿಕ್ ಸಿಕ್ಕಿರುತ್ತದೆ. ಎಂಜಿನ್ ಆಫ್ ಮಾಡಿ, ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರವನ್ನೂ ಕಿತ್ತ ಮೇಲೆಯೇ ಅಲ್ಲಿ ಕೈ ಹಾಕಿ. ಇದೇ ಕಾರಣಕ್ಕೆ ತೀರದ ಹತ್ತಿರ 90 ಸೆಂಟಿಮೀಟರ್‌ಗಿಂತ ಕಡಿಮೆ ಆಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡಬಾರದು. ಪಂಪ್ ಮರಳನ್ನೂ ಕಲ್ಲನ್ನೂ ಹೀರಿಕೊಂಡು ಒಳಗಿನ ರೆಕ್ಕೆಗಳನ್ನು ಸವೆಸುತ್ತದೆ.

ವೇಗಕ್ಕೆ ಕೊನೆಯ ಮಿತಿ ಎಲ್ಲಿದೆ ಎನ್ನುವ ಕುತೂಹಲ ಇದ್ದರೆ ಇಷ್ಟು ಹೇಳುತ್ತೇನೆ. ನೀರಿನ ಮೇಲಿನ ವಿಶ್ವದಾಖಲೆ ಗಂಟೆಗೆ 511 ಕಿಲೋಮೀಟರ್. 1978ರ ಅಕ್ಟೋಬರ್ 8ರಂದು ಆಸ್ಟ್ರೇಲಿಯಾದ ಬ್ಲೋವರಿಂಗ್ ಜಲಾಶಯದಲ್ಲಿ ಕೆನ್ ವಾರ್ಬಿ ಮಾಡಿದ್ದು. ತನ್ನ ಮನೆಯ ಹಿತ್ತಲಲ್ಲಿ ತಾನೇ ಕಟ್ಟಿದ ದೋಣಿಗೆ ಜೆಟ್ ಎಂಜಿನ್ ಕೂರಿಸಿದ್ದ. ನೀರಿನ ಮೇಲಿನ ವೇಗದ ದಾಖಲೆಯ ಬೆನ್ನು ಹತ್ತಿ ಡೊನಾಲ್ಡ್ ಕ್ಯಾಂಪ್‌ಬೆಲ್ 1967ರಲ್ಲಿ ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ, ಲೀ ಟೇಲರ್ 1980ರಲ್ಲಿ ಇದೇ ಟಾಹೋದಲ್ಲಿ ಪ್ರಾಣ ಕಳೆದುಕೊಂಡರು. ಕ್ಯಾಂಪ್‌ಬೆಲ್ ದೋಣಿಯ ಮೂತಿ ಮೇಲೆದ್ದು, ಕೆಳಗೆ ಗಾಳಿ ನುಗ್ಗಿ, ದೋಣಿ ಮಗುಚಿತ್ತು. ನಿಮ್ಮ ಜೆಟ್ ಸ್ಕೀ ಅಲೆಯ ನೆತ್ತಿಯಿಂದ ಹಾರುವಾಗಲೂ ಮೂತಿ ಹೀಗೇ ಮೇಲೇಳುತ್ತದೆ, ಪ್ರಮಾಣ ಮಾತ್ರ ಚಿಕ್ಕದು.

4. ನಿಲ್ಲಿಸುವುದನ್ನು ಮೊದಲು ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಜೆಟ್ ಸ್ಕೀಗೆ ಚುಕ್ಕಾಣಿ ಇಲ್ಲ. ತಳದಿಂದ ನೀರನ್ನು ಹೀರಿ, ಒಳಗಿನ ರೆಕ್ಕೆಗಳು ಅದನ್ನು ಹಿಂದಕ್ಕೆ ರಭಸದಿಂದ ತಳ್ಳುತ್ತವೆ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಆ ನೀರು ಹೊರಗೆ ಬರುವ ಮೂತಿ. ಅಂದರೆ ನೀರು ಚಿಮ್ಮುತ್ತಿದ್ದರೆ ಮಾತ್ರ ಗಾಡಿ ತಿರುಗುತ್ತದೆ. ಥ್ರಾಟಲ್ (ವೇಗ ಹೆಚ್ಚಿಸಲು ಬೆರಳಿನಿಂದ ಒತ್ತುವ ಲಿವರ್) ಬಿಟ್ಟರೆ ಚಿಮ್ಮುವುದು ನಿಲ್ಲುತ್ತದೆ, ಗಾಡಿ ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತಿರುತ್ತದೆ.

ಅಡ್ಡ ಏನಾದರೂ ಬಂದಾಗ ನಮ್ಮ ಕೈ ಮಾಡುವುದೇನು? ಥ್ರಾಟಲ್ ಬಿಟ್ಟು ಹ್ಯಾಂಡಲ್ ತಿರುಗಿಸುತ್ತದೆ. ಬೈಕಿನಲ್ಲಿ ಅದು ಸರಿ. ಇಲ್ಲಿ ಅದೇ ಅನಾಹುತ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1998ರಲ್ಲೇ ಜೆಟ್ ಸ್ಕೀಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಈ ತೊಂದರೆಯನ್ನು ಎತ್ತಿ ಹೇಳಿತ್ತು. ಆಮೇಲೆ ಬಂದ ಮಾದರಿಗಳಲ್ಲಿ ಥ್ರಾಟಲ್ ಬಿಟ್ಟರೂ ಸ್ವಲ್ಪ ತಿರುಗುವ ಏರ್ಪಾಡು ಇದೆ. ಸೀ-ಡೂ ಮತ್ತು ಯಮಹಾದ ಹೊಸ ಮಾದರಿಗಳಲ್ಲಿ ಎಡಗೈ ಲಿವರ್ ಒತ್ತಿದರೆ ಹಿಂದೆ ಒಂದು ಮುಚ್ಚಳ ಇಳಿದು ನೀರನ್ನು ಮುಂದಕ್ಕೆ ತಿರುಗಿಸಿ ವೇಗ ಕಡಿಮೆ ಮಾಡುತ್ತದೆ. ನಿಮ್ಮ ಗಾಡಿಯಲ್ಲಿ ಇದು ಇದೆಯಾ ಎಂದು ಹತ್ತುವ ಮೊದಲೇ ಕೇಳಿ. ಬ್ರೇಕ್ ಇಲ್ಲದ ಗಾಡಿ ಜೋರಾಗಿ ಹೋಗುವಾಗ ಥ್ರಾಟಲ್ ಬಿಟ್ಟರೆ ನಿಲ್ಲಲು 90–100 ಮೀಟರ್ ಬೇಕಾಗಬಹುದು.

ಈಗ ಲೆಕ್ಕ ನೋಡಿ. ಗಂಟೆಗೆ 80 ಅಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಇನ್ನೊಬ್ಬರು ಅದೇ ವೇಗದಲ್ಲಿ ಬರುತ್ತಿದ್ದರೆ ನಿಮ್ಮಿಬ್ಬರ ನಡುವಿನ 200 ಮೀಟರ್ ನಾಲ್ಕೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರಲ್ಲಿ ಒಂದೆರಡು ಸೆಕೆಂಡು ನೋಡಿ ಅರ್ಥ ಮಾಡಿಕೊಳ್ಳುವುದಕ್ಕೇ ಹೋಯಿತು.

ಅಭ್ಯಾಸ ಹೀಗೆ ಮಾಡಿ. ಸುತ್ತ ಯಾರೂ ಇಲ್ಲದ ಅಗಲ ನೀರಿಗೆ ಹೋಗಿ. ತಿರುಗಿ ಹಿಂದೆ ನೋಡಿ, ಯಾರೂ ಹಿಂಬಾಲಿಸುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಗಂಟೆಗೆ 30 ಕಿಲೋಮೀಟರ್‌ನಲ್ಲಿ ನೇರ ಹೋಗುತ್ತಾ ಥ್ರಾಟಲ್ ಪೂರ್ತಿ ಬಿಡಿ, ಹ್ಯಾಂಡಲ್ ತಿರುಗಿಸಿ. ಗಾಡಿ ನಿಮ್ಮ ಮಾತು ಕೇಳದಿರುವುದು ಗೊತ್ತಾಗುತ್ತದೆ. ಎಷ್ಟು ದೂರ ಹೋಗಿ ನಿಂತಿತು ನೋಡಿಟ್ಟುಕೊಳ್ಳಿ. ಇನ್ನೊಮ್ಮೆ 30ರಲ್ಲಿ ಹೋಗಿ, ಈ ಸಲ ಥ್ರಾಟಲ್ ಅರ್ಧ ಹಿಡಿದೇ ತಿರುಗಿಸಿ. ವ್ಯತ್ಯಾಸ ಕೈಗೆ ತಿಳಿಯುತ್ತದೆ. ಹೀಗೇ 50ರಲ್ಲಿ ಮಾಡಿ. ಬ್ರೇಕ್ ಇದ್ದರೆ ಅದನ್ನೂ ಬೇರೆಯಾಗಿ ಪರೀಕ್ಷಿಸಿ, ಆದರೆ ಹಿಂದೆ ಕೂತವರಿಗೆ ಹೇಳಿಯೇ ಒತ್ತಿ. ಕೈ ಇದಕ್ಕೆ ಒಗ್ಗುವವರೆಗೆ ಮೇಲಿನ ವೇಗಕ್ಕೆ ಹೋಗಬೇಡಿ.

ಪ್ರೊಪೆಲ್ಲರ್ ಇರುವ ಬೋಟ್ ಇದಕ್ಕಿಂತ ಸ್ವಲ್ಪ ವಾಸಿ. ಎಂಜಿನ್ ತಟಸ್ಥ ಇದ್ದಾಗಲೂ ನೀರಿನಲ್ಲಿ ಇಳಿಬಿದ್ದ ಭಾಗ ಒಂದಿಷ್ಟು ತಿರುಗಿಸುತ್ತದೆ. ಆದರೆ ಬೋಟ್ ಭಾರ. ಜಾಸ್ತಿ ದೂರ ಜಾರುತ್ತದೆ.

5. ಬಲಕ್ಕೆ, ಯಾವಾಗಲೂ ಬಲಕ್ಕೆ

ಭಾರತದಲ್ಲಿ ಗಾಡಿ ಓಡಿಸಿ ಬೆಳೆದವರು ಎದುರಿಗೆ ಯಾರಾದರೂ ಬಂದರೆ ಎಡಕ್ಕೆ ಸರಿಯುತ್ತಾರೆ. ನೀರಿನ ಮೇಲೆ ಇಡೀ ಪ್ರಪಂಚದಲ್ಲಿ ನಿಯಮ ಉಲ್ಟಾ. ಮಲ್ಪೆಯಲ್ಲೂ ಅದೇ, ಮಯಾಮಿಯಲ್ಲೂ ಅದೇ. 1972ರ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ಎರಡು ಯಾಂತ್ರಿಕ ದೋಣಿಗಳು ಎದುರುಬದುರು ಬಂದರೆ ಎರಡೂ ಬಲಕ್ಕೆ ತಿರುಗಬೇಕು. ಅಡ್ಡ ಹಾಯುವಾಗ ನಿಮ್ಮ ಬಲಗಡೆಯಿಂದ ಬರುವವರಿಗೆ ನೀವು ದಾರಿ ಬಿಡಬೇಕು. ಗಾಬರಿಯಲ್ಲಿ ಮನಸ್ಸು ಹಳೆಯ ಅಭ್ಯಾಸಕ್ಕೇ ಓಡುತ್ತದೆ. ಹಾಗಾಗಿ ಹೊರಡುವ ಮೊದಲು "ಬಲಕ್ಕೆ, ಬಲಕ್ಕೆ" ಎಂದು ಒಂದೆರಡು ಸಲ ಬಾಯಿಬಿಟ್ಟು ಹೇಳಿಕೊಳ್ಳಿ. ನಗು ಬಂದರೂ ಪರವಾಗಿಲ್ಲ.

ಇವೇ ನಿಯಮಗಳಲ್ಲಿ ಆರನೆಯದು ವೇಗದ ಬಗ್ಗೆ. ಅದರಲ್ಲಿ ಒಂದೂ ಸಂಖ್ಯೆ ಇಲ್ಲ. ಎಷ್ಟು ದೂರ ಕಾಣುತ್ತಿದೆ, ಎಷ್ಟು ದೋಣಿಗಳಿವೆ, ನಿಮ್ಮ ದೋಣಿ ಎಷ್ಟರಲ್ಲಿ ನಿಲ್ಲುತ್ತದೆ ಮತ್ತು ತಿರುಗುತ್ತದೆ, ಗಾಳಿ, ಅಲೆ, ಸೆಳೆತ ಹೇಗಿದೆ, ತಳದಲ್ಲಿ ಎಷ್ಟು ಆಳ ಇದೆ ಎಂದೆಲ್ಲ ನೋಡಿ, ಆ ಪರಿಸ್ಥಿತಿಗೆ ತಕ್ಕ ದೂರದಲ್ಲಿ ನಿಲ್ಲಿಸಬಲ್ಲ ವೇಗದಲ್ಲಿ ಹೋಗಿ ಎನ್ನುತ್ತದೆ. ನಾಲ್ಕನೇ ಹಂತದಲ್ಲಿ ನೀವು ಅಳೆದ ದೂರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಸಂಖ್ಯೆ ಇರುವ ನಿಯಮಗಳು ಆಯಾ ಊರಿನವು. ಕ್ಯಾಲಿಫೋರ್ನಿಯಾದಲ್ಲಿ ಈಜುವವರಿಂದ 100 ಅಡಿ ಒಳಗೆ, ಈಜುವ ಬೀಚಿನಿಂದ 200 ಅಡಿ ಒಳಗೆ ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್ ಮೀರುವ ಹಾಗಿಲ್ಲ. ಟಾಹೋದಲ್ಲಿ ದಡದಿಂದ 600 ಅಡಿವರೆಗೂ ಇದೇ ಮಿತಿ. ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರದಲ್ಲಿ ಹಗಲು 45 ಮೈಲಿ, ರಾತ್ರಿ 30. ಫ್ಲಾರಿಡಾದಲ್ಲಿ ಜೆಟ್ ಸ್ಕೀ ಬಾಡಿಗೆಗೆ ತೆಗೆದುಕೊಳ್ಳಲು 18 ವರ್ಷ ಆಗಿರಬೇಕು. 1988ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ದೋಣಿ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಸೂರ್ಯ ಮುಳುಗಿ ಅರ್ಧ ಗಂಟೆ ಆದಮೇಲೆ ಓಡಿಸುವಂತಿಲ್ಲ. ಇನ್ನೊಂದು ದೋಣಿಯ ಅಲೆಯನ್ನು ಅದರ ತೀರಾ ಹತ್ತಿರದಿಂದ ಹಾರುವುದೂ ಅಲ್ಲಿ ಅಪರಾಧ. ಸಿಡ್ನಿ ಹಾರ್ಬರ್‌ನಲ್ಲಂತೂ ಜೆಟ್ ಸ್ಕೀಗೆ ಪ್ರವೇಶವೇ ಇಲ್ಲ. ಬಾಡಿಗೆ ಕೊಡುವವರು ತೋರಿಸುವ ನಕ್ಷೆಯ ಫೋಟೊ ತೆಗೆದುಕೊಳ್ಳಿ. ನಿಧಾನದ ವಲಯ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ಬೆರಳಿಟ್ಟು ಕೇಳಿ.

ವೇಗದ ದೋಣಿಯ ಮೇಲೆ ಹಿಡಿತ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ನಾವು 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ನೋಡಿದೆವು. ಎಂಜಿನ್ ಪರೀಕ್ಷೆಗೆ ಹೊರಟಿದ್ದ ನೌಕಾಪಡೆಯ ವೇಗದ ದೋಣಿ ಎಲಿಫೆಂಟಾಗೆ ಹೊರಟಿದ್ದ ನೀಲ್ ಕಮಲ್ ಎಂಬ ಪ್ರವಾಸಿ ದೋಣಿಗೆ ಬಡಿಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಆ ವಿಡಿಯೊ ನೋಡಿದವರಿಗೆ ಗೊತ್ತು, ಅದು ಬಡಿಯುವ ಮೊದಲು ಯಾರಿಗೂ ಏನೂ ಮಾಡುವಷ್ಟು ಸಮಯ ಇರಲಿಲ್ಲ.

6. ಮೈಮೇಲೆ ಏನಿರಬೇಕು

ಲೈಫ್ ಜಾಕೆಟ್ ಎಲ್ಲರೂ ಕೊಡುತ್ತಾರೆ. ಅದು ನಿಮ್ಮ ಅಳತೆಯದ್ದಾ ಎಂದು ನೋಡುವವರು ಕಡಿಮೆ. ಎಲ್ಲ ಬಕಲ್ ಹಾಕಿ, ಯಾರಾದರೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯ ಹತ್ತಿರ ಬಂದರೆ ಅದು ದೊಡ್ಡದು. ಬೇರೆ ಕೇಳಿ. ನೀರಿಗೆ ಬಿದ್ದಾಗ ಊದಿಕೊಳ್ಳುವ ಜಾಕೆಟ್ ಜೆಟ್ ಸ್ಕೀಗೆ ಆಗದು.

ಎಂಜಿನ್ ಆಫ್ ಮಾಡುವ ಸುರಕ್ಷತಾ ದಾರವನ್ನು ಮಣಿಕಟ್ಟಿಗೋ ಜಾಕೆಟ್‌ಗೋ ಕಟ್ಟಿಕೊಳ್ಳಿ. ನೀವು ಬಿದ್ದರೆ ಅದು ಕಿತ್ತು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಬೋಟ್ ಸುತ್ತು ಹೊಡೆದು ನಿಮ್ಮ ಮೇಲೇ ಬರಬಹುದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟ್‌ಗಳು ವೇಗದಲ್ಲಿ ಹೋಗುವಾಗ ಇದನ್ನು ಕಟ್ಟಿಕೊಳ್ಳಲೇಬೇಕು ಎನ್ನುವ ಕಾನೂನು 2021ರ ಏಪ್ರಿಲ್ 1ರಿಂದ ಇದೆ.

ಇನ್ನೊಂದು ವಿಷಯ ಹೇಳಲು ಜನ ಮುಜುಗರಪಡುತ್ತಾರೆ. ನಾನು ನೇರ ಹೇಳುತ್ತೇನೆ. ಜೆಟ್ ಸ್ಕೀಯಿಂದ ಹಿಂದಕ್ಕೆ ಬಿದ್ದವರಿಗೆ ಪಂಪಿನಿಂದ ಚಿಮ್ಮುವ ನೀರು ಗುದದ್ವಾರ, ಯೋನಿಯ ಮೂಲಕ ಒಳಗೆ ನುಗ್ಗಿ ಗಂಭೀರ ಗಾಯ ಆಗಬಹುದು. ತೆಳುವಾದ ಈಜುಡುಗೆ ಇದನ್ನು ತಡೆಯುವುದಿಲ್ಲ. ದಪ್ಪ ರಬ್ಬರಿನಂಥ ವೆಟ್‌ಸೂಟ್‌ನ ಚಡ್ಡಿ ತಡೆಯುತ್ತದೆ. ಗಾಡಿಯ ಮೇಲೆ ಅಂಟಿಸಿರುವ ಎಚ್ಚರಿಕೆಯ ಚೀಟಿಯಲ್ಲಿ ತಯಾರಕರೇ ಇದನ್ನು ಬರೆದಿರುತ್ತಾರೆ, ಓದುವವರು ಇಲ್ಲ. ಹಿಂದೆ ಕೂರುವವರಿಗೆ, ಅದರಲ್ಲೂ ಹೆಂಗಸರಿಗೆ ಮತ್ತು ಮಕ್ಕಳಿಗೆ ಇದು ಬೇಕೇ ಬೇಕು. ಹೊರಡುವಾಗ ಅವರು ಮುಂದೆ ಕೂತವರನ್ನು ಗಟ್ಟಿಯಾಗಿ ಹಿಡಿದುಕೊಂಡಿರಲಿ, ಓಡಿಸುವವರು ಥ್ರಾಟಲನ್ನು ಮೆಲ್ಲಗೆ ಒತ್ತಲಿ.

7. ಅಲೆ, ಜನ, ಎಳೆಯುವ ಆಟಗಳು

ಕನ್ನಡಿಯಂತಿರುವ ನೀರಿನಲ್ಲಿ 70 ಸುಖ. ಸಂಜೆ ಗಾಳಿಗೆ ಮೊಣಕಾಲೆತ್ತರದ ಅಲೆ ಎದ್ದಾಗ ಅದೇ 70 ಬೆನ್ನುಮೂಳೆಗೆ ಹೊಡೆತ. ಅಲೆ ಬಂದರೆ ವೇಗ ಅರ್ಧಕ್ಕಿಳಿಸಿ. ಜೆಟ್ ಸ್ಕೀಯಲ್ಲಿ ಸೀಟಿನಿಂದ ಸ್ವಲ್ಪ ಎದ್ದು ಮೊಣಕಾಲು ಮಡಿಸಿ ನಿಂತರೆ ಹೊಡೆತವನ್ನು ಕಾಲು ತಿನ್ನುತ್ತದೆ. ಬೋಟ್‌ನಲ್ಲಿ ಮೂತಿಯ ಭಾಗವೇ ಹೆಚ್ಚು ಎತ್ತಿ ಹಾಕುವುದು, ಹಾಗಾಗಿ ಹಿರಿಯರನ್ನೂ ಬೆನ್ನುನೋವು ಇರುವವರನ್ನೂ ಹಿಂಭಾಗದಲ್ಲಿ ಕೂರಿಸಿ. ಗರ್ಭಿಣಿಯರು ವೇಗದ ಬೋಟ್ ಹತ್ತದಿರುವುದೇ ಒಳ್ಳೆಯದು.

ಬೋಟ್ ಹಿಂದೆ ಯಾರನ್ನಾದರೂ ಎಳೆಯುತ್ತಿದ್ದರೆ ಗರಿಷ್ಠ ವೇಗದ ಮಾತೇ ಬೇಡ. ಗಾಳಿ ತುಂಬಿದ ಟ್ಯೂಬ್‌ಗೆ ದೊಡ್ಡವರಿಗೆ 25ರಿಂದ 30 ಸಾಕು. ಮಕ್ಕಳಿಗೆ 15. ಎರಡೂ ಕಾಲು ಒಂದೇ ಹಲಗೆಯ ಮೇಲಿಟ್ಟು ನಿಲ್ಲುವ ವೇಕ್‌ಬೋರ್ಡ್‌ಗೆ 30–37, ದೊಡ್ಡವರ ವಾಟರ್ ಸ್ಕೀಗೆ 45–55. ತೇಲುವ ಬುರುಡೆಗಳನ್ನು ಅಂಕುಡೊಂಕಾಗಿ ಸುತ್ತಿ ಹೋಗುವ ಸ್ಪರ್ಧೆಯ ಸ್ಲಾಲಮ್‌ನಲ್ಲೂ ಗಂಡಸರಿಗೆ 58ಕ್ಕಿಂತ ಜಾಸ್ತಿ ಇಲ್ಲ. ನೋಡಿದಿರಾ, ಅಷ್ಟು ನುರಿತವರೇ 58ಕ್ಕೆ ನಿಲ್ಲುತ್ತಾರೆ.

ಕರ್ನಾಟಕದ ಕರಾವಳಿಯಲ್ಲಿ, ಗೋವಾದಲ್ಲಿ ಜೆಟ್ ಸ್ಕೀ ಓಡಿಸುವುದು ಹೆಚ್ಚಾಗಿ ಅಲ್ಲಿನ ಹುಡುಗರೇ. ನೀವು ಜೊತೆಗೆ ಕೂರುತ್ತೀರಿ. ಆಗ ವೇಗ ನಿಮ್ಮ ಕೈಯಲ್ಲಿ ಇಲ್ಲ ಅಂದುಕೊಳ್ಳಬೇಡಿ. ಹತ್ತುವ ಮೊದಲೇ "ತಮ್ಮಾ, ಮೆಲ್ಲಗೆ ಹೋಗು, ಗಿರಕಿ ಹೊಡೆಯೋದು ಬೇಡ" ಎಂದು ಹೇಳಿ. ಹೆಗಲು ತಟ್ಟಿದರೆ ನಿಲ್ಲಿಸಬೇಕು ಎಂದು ಮಾತಾಡಿಕೊಳ್ಳಿ. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಬನಾನಾ ರೈಡ್‌ನಲ್ಲಿ ಕೊನೆಗೆ ಬೇಕಂತಲೇ ನೀರಿಗೆ ಬೀಳಿಸುವ ರೂಢಿ ಇದೆ. ಈಜು ಬಾರದವರು, ಮಕ್ಕಳು ಇದ್ದರೆ "ಬೀಳಿಸಬೇಡಿ" ಎಂದು ದುಡ್ಡು ಕೊಡುವ ಮೊದಲೇ ಸ್ಪಷ್ಟ ಹೇಳಿ. ಓಡಿಸುವ ಹುಡುಗ ಸುರಕ್ಷತಾ ದಾರ ಕಟ್ಟಿಕೊಂಡಿದ್ದಾನಾ ನೋಡಿ. ಮೀನುಗಾರರ ಬಲೆಯ ಬೆಂಡುಗಳು ತೇಲುತ್ತಿರುವ ಕಡೆ ಹೋಗುವುದು ಬೇಡ ಅನ್ನಿ. ಅದು ಅವರ ಹೊಟ್ಟೆಪಾಡು, ನಿಮ್ಮ ಪಂಪಿಗೂ ಕೇಡು. ಮಳೆಗಾಲದಲ್ಲಿ ಕಡಲು ಎದ್ದಿರುವಾಗ ಯಾರಾದರೂ "ಒಂದು ರೌಂಡ್ ಅಷ್ಟೇ, ಬನ್ನಿ" ಎಂದು ಕರೆದರೆ ಹೋಗಲೇಬೇಡಿ.

ಅಣೆಕಟ್ಟಿನ ಹಿನ್ನೀರುಗಳಲ್ಲಿ ಬೇರೆ ತೊಂದರೆ. ಲಿಂಗನಮಕ್ಕಿ, ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ಇವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಅವು ಮೇಲ್ಮೈಗಿಂತ ಗೇಣುದ್ದ ಕೆಳಗೆ ಬಂದು ನಿಲ್ಲುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಇಂಥ ಕಡೆ ಸ್ಥಳೀಯ ಅಂಬಿಗರು ಹೋಗುವ ದಾರಿ ಬಿಟ್ಟು, ಅವರು ಹೋಗುವ ವೇಗ ಮೀರಿ ಹೋಗಬಾರದು.

8. ಮೊದಲ ಅರ್ಧ ಗಂಟೆ ಹೀಗೆ ಕಳೆಯಿರಿ

ಹೊರಡುವಾಗ ನಡಿಗೆಯ ವೇಗ. ನಿಧಾನದ ವಲಯ ಮುಗಿಯುವವರೆಗೆ ಹಾಗೇ ಇರಿ. ಈ ಹೊತ್ತಿನಲ್ಲಿ ಗಾಳಿ ಯಾವ ಕಡೆಯಿಂದ, ಬೇರೆ ದೋಣಿಗಳು ಯಾವ ದಿಕ್ಕಿಗೆ ಸುತ್ತುತ್ತಿವೆ ನೋಡಿಕೊಳ್ಳಿ. ಆಮೇಲೆ 30ಕ್ಕೆ ಹೋಗಿ ನಿಲ್ಲಿಸುವ ಅಭ್ಯಾಸ ಮಾಡಿ. ನಂತರ 50. ತಿರುಗುವ ಮೊದಲು ಪ್ರತಿ ಸಲವೂ ಕತ್ತು ತಿರುಗಿಸಿ ಹಿಂದೆ ನೋಡಿ. ಇದನ್ನು ಮರೆತಾಗಲೇ ಗೆಳೆಯರು ಗೆಳೆಯರಿಗೆ ಬಡಿಯುವುದು. ಗುಂಪಿನಲ್ಲಿ ಹೋದರೆ ನಡುವೆ ನೂರು ಮೀಟರ್ ಬಿಡಿ, ಒಬ್ಬರಿಗೊಬ್ಬರು ನೀರು ಎರಚುವ ಆಟ ಬೇಡ. ಇಷ್ಟೆಲ್ಲ ಆದಮೇಲೆ, ಮುಂದೆ ಖಾಲಿ ಇದ್ದು, ನೀರು ಸಮತಟ್ಟಾಗಿದ್ದರೆ, ಪೂರ್ತಿ ಥ್ರಾಟಲ್ ಕೊಟ್ಟು ಒಮ್ಮೆ ನೋಡಿ. ಅದರ ಖುಷಿ ಬೇರೆಯೇ. ಅದನ್ನು ಬೇಡ ಅನ್ನುವವನು ನಾನಲ್ಲ. ಕುಡಿದಿದ್ದರೆ ಮಾತ್ರ 8ರಲ್ಲೂ ಬೇಡ.

ಪೆಟ್ರೋಲ್ ಕಡೆ ಕಣ್ಣಿರಲಿ. 300 ಎಚ್‌ಪಿ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 70 ಲೀಟರ್ ಟ್ಯಾಂಕನ್ನು ಒಂದು ಗಂಟೆಯೊಳಗೆ ಖಾಲಿ ಮಾಡುತ್ತದೆ. ಹೋಗುವುದಕ್ಕೆ ಮೂರನೇ ಒಂದು ಪಾಲು, ಬರುವುದಕ್ಕೆ ಇನ್ನೊಂದು, ಉಳಿದದ್ದು ಆಪತ್ತಿಗೆ. ಗಾಳಿಗೆ ಎದುರಾಗಿ ವಾಪಸ್ ಬರಬೇಕಿದ್ದರೆ ಇನ್ನೂ ಬೇಗ ತಿರುಗಿ.

9. ಬಿದ್ದರೆ, ಮಗುಚಿದರೆ

ವೇಗದಲ್ಲಿ ಬೀಳುತ್ತಿದ್ದೀರಿ ಅನಿಸಿದರೆ ಹ್ಯಾಂಡಲ್ ಬಿಟ್ಟುಬಿಡಿ, ಕೈಕಾಲು ಒಳಗೆ ಎಳೆದುಕೊಳ್ಳಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಚಾಚಿದ ಕೈಯನ್ನು ಅದು ತಿರುಚುತ್ತದೆ. ಮೇಲೆ ಬಂದ ತಕ್ಷಣ ಕೈ ಎತ್ತಿ ಆಡಿಸಿ, ಬೇರೆ ದೋಣಿಯವರಿಗೆ ನೀವು ಕಾಣಬೇಕು.

ಗಾಡಿ ಮಗುಚಿದ್ದರೆ ಯಾವ ಕಡೆಗೆ ತಿರುಗಿಸಬೇಕು ಎನ್ನುವ ಚೀಟಿ ಹಿಂಭಾಗದಲ್ಲೇ ಅಂಟಿಸಿರುತ್ತದೆ, ಗಾಡಿ ತಲೆಕೆಳಗಾದಾಗ ಓದಲು ಬರುವ ಹಾಗೆ. ಅದು ಹೇಳಿದ ಕಡೆಗೇ ತಿರುಗಿಸಿ. ಬೇರೆ ಕಡೆಗೆ ತಿರುಗಿಸಿದರೆ ಎಂಜಿನ್ ಒಳಗೆ ನೀರು ಹೋಗುತ್ತದೆ. ಹತ್ತುವುದು ಯಾವಾಗಲೂ ಹಿಂದಿನಿಂದ, ಎಂಜಿನ್ ಆಫ್ ಇರುವಾಗ. ಎರಡು ಮೂರು ಸಲ ಪ್ರಯತ್ನಿಸಿಯೂ ಹತ್ತಲಾಗದಿದ್ದರೆ ದಡಕ್ಕೆ ಈಜಲು ಹೊರಡಬೇಡಿ. ಗಾಡಿ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಅದನ್ನೇ ಹಿಡಿದುಕೊಂಡು ಸಹಾಯ ಬರುವವರೆಗೆ ಕಾಯಿರಿ.